ಹಲಸಿನ ಗಿಟಾರು, ಬೀಟೆಯ ಹಟ

"ಮರ ಯಾವುದು?" ನಾನೇ ಕಟ್ಟಿದ ಗಿಟಾರನ್ನು ಕೈಗೆತ್ತಿಕೊಂಡವರು ಮೊದಲು ಕೇಳುವುದೇ ಇದನ್ನು. ಹಲಸು ಎಂದರೆ ಮುಖ ಸಪ್ಪಗಾಗುತ್ತದೆ. ಕಳೆದ ತಿಂಗಳು ಮನೆಗೆ ಬಂದ ಗೆಳೆಯರೊಬ್ಬರು ಮಾತ್ರ ಏನೂ ಕೇಳದೆ ಹತ್ತು ನಿಮಿಷ ಮೈಮರೆತು ನುಡಿಸಿದರು. ಆಮೇಲೆ ಮರದ ಹೆಸರು ತಿಳಿಯಿತು. "ಏನೇ ಹೇಳಿ, ಬೀಟೆಯ ಗುಂಗು ಇದಕ್ಕಿಲ್ಲ" ಎಂದರು. ಆ ಹತ್ತು ನಿಮಿಷ ಅವರ ಕಿವಿಗೆ ಯಾವ ಕೊರತೆಯೂ ಕೇಳಿಸಿರಲಿಲ್ಲ. ಅಂದಿನಿಂದ ಇದನ್ನು ಬರೆಯಬೇಕೆಂದು ಒದ್ದಾಡುತ್ತಿದ್ದೇನೆ.

ಬೀಟೆಯ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಪಶ್ಚಿಮ ಘಟ್ಟದ ರೋಸ್‌ವುಡ್ ಮರ, ಬ್ರೆಜಿಲ್‌ನ ರೋಸ್‌ವುಡ್‌ನ ಕುಲದ್ದೇ; ಅದರ ಚೇಗಿನ ಬಣ್ಣಕ್ಕೆ ಸಾಟಿಯಿಲ್ಲ. ಆದರೆ ಗಿಟಾರಿನ ಲೋಕಕ್ಕೆ ಅದು ದೊಡ್ಡ ಪ್ರಮಾಣದಲ್ಲಿ ಕಾಲಿಟ್ಟದ್ದೇ ಬದಲಿ ಮರವಾಗಿ. ಬ್ರೆಜಿಲ್ ತನ್ನ ರೋಸ್‌ವುಡ್ ದಿಮ್ಮಿಗಳ ರಫ್ತನ್ನು ತಡೆದಾಗ ಗಿಟಾರು ತಯಾರಿಸುವ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ಬೀಟೆಗೆ ಹೊರಳಿತು. "ಹಳೆಯ ನಾದ ಹೋಯಿತು" ಎಂದು ಕೊರಗುವವರು ಇಂದಿಗೂ ಇದ್ದಾರೆ. ಅಂದು ಎರಡನೆಯ ದರ್ಜೆ ಎನಿಸಿಕೊಂಡ ಮರವೇ ಇಂದು ದೇವರ ಪೀಠದಲ್ಲಿ ಕುಳಿತಿದೆ. ಬ್ರೆಜಿಲ್‌ನ ಮರದ ವ್ಯಾಪಾರಕ್ಕೆ 1992ರಲ್ಲಿ ಅಂತರರಾಷ್ಟ್ರೀಯ ನಿಷೇಧ ಬಿತ್ತು. 2017ರಲ್ಲಿ ಬೀಟೆಯೂ ಸೇರಿ ಆ ಇಡೀ ಕುಲವೇ ನಿಯಂತ್ರಣಕ್ಕೆ ಒಳಪಟ್ಟಿತು. ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು ನಿಜ. ಕಾಡಿನಲ್ಲಿ ಒಂದು ಬೀಟೆ ಬಲಿಯಲು ಬೇಕಾದ ಕಾಲಕ್ಕೆ ಯಾರು ವಿನಾಯಿತಿ ಕೊಡುತ್ತಾರೆ?

ಇನ್ನು ನಾದದ ಮಾತು. ಗಿಟಾರಿನಲ್ಲಿ ಹೆಚ್ಚಿನ ಕೆಲಸ ಮಾಡುವುದು ತಂತಿಯ ಸೇತುವೆ ಕೂರುವ ಮೇಲ್ಪಲಗೆ. ಅದು ಸಾಮಾನ್ಯವಾಗಿ ಸ್ಪ್ರೂಸ್‌ನಂಥ ಹಗುರವಾದ ಮೆದುಮರ. ಬೆನ್ನು ಮತ್ತು ಪಕ್ಕೆಗಳ ಪಾತ್ರ ಅದರ ಮುಂದೆ ಚಿಕ್ಕದು. ಸ್ಪೇನಿನ ಗಿಟಾರು ತಯಾರಕ ಆಂಟೋನಿಯೊ ದೆ ತೊರೆಸ್ ಇದನ್ನು ತೋರಿಸಲೆಂದೇ 1862ರಲ್ಲಿ ಬೆನ್ನು, ಪಕ್ಕೆ ಎರಡನ್ನೂ ಕಾಗದದ ರಟ್ಟಿನಿಂದ ಮಾಡಿ ಒಂದು ಗಿಟಾರು ಕಟ್ಟಿದ. ಅದು ಈಗ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. 1995ರಲ್ಲಿ ಅಮೆರಿಕದ ಟೇಲರ್ ಗಿಟಾರು ಕಂಪನಿಯ ಬಾಬ್ ಟೇಲರ್ ಸರಕು ಸಾಗಿಸುವ ಹಳೆಯ ಪ್ಯಾಲೆಟ್ ಒಂದನ್ನು ಒಡೆದು, ಅದರ ಓಕ್ ಹಲಗೆಯಲ್ಲಿ ಗಿಟಾರು ಮಾಡಿ ಪ್ರದರ್ಶನಕ್ಕಿಟ್ಟರು. ಮೊಳೆಯ ತೂತುಗಳನ್ನು ಮುಚ್ಚಿಡುವ ಬದಲು ಎದ್ದು ಕಾಣುವಂತೆಯೇ ಬಿಟ್ಟರು. ಆ ಧೈರ್ಯ ನನಗೆ ಬಹಳ ಇಷ್ಟ.

ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಪರೀಕ್ಷೆಯಂತೂ ನನ್ನ ಗೆಳೆಯರಿಗಾಗಿಯೇ ನಡೆದಂತಿದೆ. ಬೆನ್ನು, ಪಕ್ಕೆಯ ಮರವೊಂದನ್ನು ಬಿಟ್ಟು ಉಳಿದೆಲ್ಲ ಒಂದೇ ಬಗೆಯ ಆರು ಗಿಟಾರುಗಳು. ಬ್ರೆಜಿಲ್‌ನ ರೋಸ್‌ವುಡ್, ನಮ್ಮ ಬೀಟೆ, ಮಹಾಗನಿ, ಮೇಪಲ್, ಸಪೇಲೆ, ವಾಲ್ನಟ್. ಕಣ್ಣಿಗೆ ಮರ ಕಾಣದಂತೆ ಮಾಡಿ 52 ಮಂದಿ ಗಿಟಾರು ವಾದಕರ ಕೈಗೆ ಅವನ್ನು ಕೊಟ್ಟರು. ಅವರು ಕೊಟ್ಟ ಅಂಕಗಳಲ್ಲಿ ದುಬಾರಿ ಮರಕ್ಕೂ ಅಗ್ಗದ ಮರಕ್ಕೂ ಹೇಳಿಕೊಳ್ಳುವಂಥ ಅಂತರವೇ ಇರಲಿಲ್ಲ.

ಹಾಗೆಂದು ಯಾವ ಹಲಗೆಯಾದರೂ ನಡೆಯುತ್ತದೆ ಎನ್ನಲಾರೆ. ನನ್ನ ಹಲಸು ತೀರ್ಥಹಳ್ಳಿಯ ಹಿತ್ತಿಲಿನದು. ಅಜ್ಜ ಬಾಗಿಲಿಗೆಂದು ಕೊಯ್ಯಿಸಿ ಅಟ್ಟಕ್ಕೆ ಹಾಕಿದ್ದ ಹಲಗೆಗಳು ಇಪ್ಪತ್ತು ವರ್ಷ ಅಡುಗೆಮನೆಯ ಹೊಗೆಯಲ್ಲಿ ಒಣಗಿದ್ದವು. ಅಷ್ಟು ಒಣಗಿದ್ದರೂ ಅದು ಸುಲಭಕ್ಕೆ ಮಣಿಯಲಿಲ್ಲ. ಹಲಸಿನ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ; ಒಂದು ಕಡೆಯಿಂದ ಹತ್ತರಿ ಹೊಡೆದರೆ ಇನ್ನೊಂದು ಕಡೆ ಕಿತ್ತುಬರುತ್ತದೆ. ಕಾದ ಕೊಳವೆಯ ಮೇಲೆ ಪಕ್ಕೆಯನ್ನು ಬಗ್ಗಿಸುವಾಗ ಮೊದಲನೆಯದು ಸರಿಯಾಗಿ ಸೊಂಟದಲ್ಲೇ ಸೀಳಿತು. ಎರಡನೆಯದನ್ನು ಎರಡು ಮಿಲಿಮೀಟರಿಗೆ ತೆಳುವಾಗಿಸಿ, ನೀರು ಸವರುತ್ತ ಇಡೀ ಮಧ್ಯಾಹ್ನ ಅದರ ಮುಂದೆ ಕುಳಿತೆ. ಬಗ್ಗಿತು. ಅಂದು ಹಳದಿಯಾಗಿದ್ದ ಮರ ಈಗ ಜೇನಿನ ಬಣ್ಣಕ್ಕೆ ತಿರುಗಿದೆ. ಬೆನ್ನನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ದುಂಡನೆಯ ಸದ್ದು ಬರುತ್ತದೆ.

ಅದು ಬಾರದೆ ಏನು? ವೀಣೆಯ ಕೊಡವನ್ನು ಕೊರೆಯುವುದು ಹಲಸಿನಲ್ಲಿ. ಮೃದಂಗದ ಒಡಲೂ ಹಲಸೇ. ವೀಣೆಗೆ ಒಪ್ಪಿದ ಮರ ಗಿಟಾರಿಗೆ ಏಕೆ ಕೀಳಾಗಬೇಕು? ಈ ಪ್ರಶ್ನೆಯನ್ನು ಆ ಗೆಳೆಯರಿಗೂ ಕೇಳಿದೆ. ಅವರು ಮಾತಾಡಲಿಲ್ಲ, ಹೊರಡುವ ಮುನ್ನ ಗಿಟಾರನ್ನು ಇನ್ನೊಮ್ಮೆ ಮಡಿಲಿಗೆ ಎಳೆದುಕೊಂಡರು.

ಬೆಂಗಳೂರಿನ ರಸ್ತೆಗಳಲ್ಲಿ ಮುಂಗಾರುಪೂರ್ವ ಗಾಳಿಮಳೆಗೆ ಮಳೆಮರಗಳು ಉರುಳಿದಾಗ ಅವುಗಳ ಕಾಂಡ ಸೌದೆಯ ಅಳತೆಗೆ ತುಂಡಾಗುವುದನ್ನು ನೋಡಿ ಹೊಟ್ಟೆ ಉರಿಯುತ್ತದೆ. ಹೊರದೇಶಗಳಲ್ಲಿ ಅದೇ ಮರವನ್ನು ಮಂಕಿಪಾಡ್ ಎಂಬ ಹೆಸರಿನಲ್ಲಿ ಗಿಟಾರಿನ ಬೆನ್ನಿಗೆ ಹಾಕುತ್ತಾರೆ. ಕ್ಯಾಲಿಫೋರ್ನಿಯಾದ ಊರುಗಳಲ್ಲಿ ಹೇಗೂ ಕಡಿಯಬೇಕಾದ ಬೀದಿಮರಗಳನ್ನು ಟೇಲರ್ ಕಂಪನಿ 2020ರಿಂದ ಗಿಟಾರಿಗೆ ಬಳಸುತ್ತಿದೆ. ಇಲ್ಲಿಯೂ ಬಿದ್ದ ಮರದ ಒಂದೆರಡು ದಿಮ್ಮಿಗಳನ್ನು ವಾದ್ಯ ಮಾಡುವವರಿಗೆ ಎತ್ತಿಡುವ ವ್ಯವಸ್ಥೆಯಾಗಲೇಬೇಕು.

ನನ್ನ ಮುಂದಿನ ಗಿಟಾರು ಸಿಲ್ವರ್ ಓಕ್‌ನದು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದವರು ಯಾರಾದರೂ ಇದನ್ನು ಓದುತ್ತಿದ್ದರೆ, ಮರ ಕೊಯ್ಯಿಸುವಾಗ ಎರಡೂವರೆ ಅಡಿ ಉದ್ದ, ಒಂಬತ್ತು ಇಂಚು ಅಗಲದ ಗಂಟಿಲ್ಲದ ಹಲಗೆಯೊಂದನ್ನು ನೆರಳಿನಲ್ಲಿ ಎತ್ತಿಡಿ. ಬೆಲೆ ಕೊಟ್ಟು, ನಾನೇ ಬಂದು ಒಯ್ಯುತ್ತೇನೆ.