ಬೀಜಕ್ಕೆ ಬಿಟ್ಟ ಕಾಯಿ

ಶಿರಸಿ ಹತ್ತಿರದ ನಮ್ಮನೆ ಹಿತ್ತಲಿನಲ್ಲಿ ಪ್ರತಿ ಬಳ್ಳಿಯ ಒಂದು ಕಾಯಿಯನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಆಯಿ, ಅಂದರೆ ನನ್ನ ಅಮ್ಮ, ಅದರ ತೊಟ್ಟಿಗೆ ಬಾಳೆಪಟ್ಟೆಯ ಎಳೆ ಸುತ್ತಿ ಗುರುತು ಮಾಡಿ ಇಡುತ್ತಿದ್ದಳು. ಸೌತೆ, ಹೀರೆ, ಮೊಗೆ (ಮಂಗಳೂರು ಸೌತೆ), ಯಾವುದೇ ಇರಲಿ. ನಾನು ಕೈ ಚಾಚಿದರೆ ಸಾಕು, ಒಳಗಿನಿಂದಲೇ ಕೂಗುತ್ತಿದ್ದಳು: "ಮುಟ್ಟಡ ತಂಗಿ, ಅದು ಬೀಜಕ್ಕೆ ಬಿಟ್ಟಿದ್ದು."

ಆ ಕಾಯಿ ಬಳ್ಳಿಯಲ್ಲೇ ಎಲ್ಲಕ್ಕಿಂತ ಚೆಂದದ್ದು ಆಗಿರುತ್ತಿತ್ತು. ಸೊಟ್ಟಗಿನದು, ಹುಳ ಹಿಡಿದದ್ದು, ಕೊನೆಗೆ ಉಳಿದದ್ದು ಅಲ್ಲ. ನನಗೆ ಸಿಟ್ಟು ಬರುತ್ತಿತ್ತು. ಒಳ್ಳೆಯದನ್ನು ತಿನ್ನದೆ ಹಣ್ಣಾಗಿ ಒಣಗಲು ಬಿಡುವುದು ಯಾಕೆ ಅಂತ. ಆಯಿ ವಿವರಿಸುತ್ತಿರಲಿಲ್ಲ. ಸುಮ್ನೆ ಬೇರೆ ಕಾಯಿ ಕೊಯ್ದು ಕೊಡುತ್ತಿದ್ದಳು.

ಕಾಯಿ ಪೂರ್ತಿ ಬಲಿತ ಮೇಲೆ ಬೀಜ ತೆಗೆದು ತೊಳೆದು, ಒಲೆಯ ಬೂದಿಯಲ್ಲಿ ಹೊರಳಿಸಿ ನೆರಳಲ್ಲಿ ಒಣಗಿಸುತ್ತಿದ್ದಳು. ಸೌತೆ ಬೀಜವನ್ನು ಸಗಣಿಯಲ್ಲಿ ಕಲಸಿ ಗೋಡೆಗೆ ಮೆತ್ತುತ್ತಿದ್ದಳು. ಬೂದಿ ಪಸೆ ಹೀರುತ್ತದೆ, ಅಡುಗೆಮನೆಯ ಹೊಗೆಗೆ ಹುಳ ಹತ್ತಿರ ಬರುವುದಿಲ್ಲ. ನಮ್ಮ ಕಡೆಯ ಮಳೆಗಾಲ ಗೊತ್ತಲ್ಲ, ಬಟ್ಟೆ ಒಣಗುವುದೇ ಕಷ್ಟ. ಅಂಥದ್ದರಲ್ಲಿ ಬೀಜ ಜೀವ ಹಿಡಿದುಕೊಂಡಿರಬೇಕು! ಮೊಗೆಕಾಯಿಗಳು ಬಾಳೆಪಟ್ಟೆಯ ಕುಣಿಕೆಯಲ್ಲಿ ಜಂತಿಗೆ ತೂಗುತ್ತಿದ್ದವು. ತರಕಾರಿ ಸಿಗದ ಆಷಾಢದಲ್ಲಿ ಒಂದೊಂದಾಗಿ ಇಳಿದು ಹುಳಿಯಾಗುತ್ತಿದ್ದವು, ತೆಳ್ಳೇವು ಅನ್ನುವ ತೆಳು ದೋಸೆಯಾಗುತ್ತಿದ್ದವು.

ಇಷ್ಟೆಲ್ಲ ಮಾಡುವ ನನ್ನ ಆಯಿಯ ಬಗ್ಗೆ ನಾನು ಓದಿದ ಶಾಲೆಯ ಅರ್ಜಿಯಲ್ಲಿ ಹೀಗೆ ಬರೆದಿತ್ತು. ತಂದೆಯ ಉದ್ಯೋಗ: ಕೃಷಿ. ತಾಯಿಯ ಉದ್ಯೋಗ: ಇಲ್ಲ. ಅಡಿಕೆ ಸೀಸನ್ನಿನಲ್ಲಿ ರಾತ್ರಿ ಹನ್ನೊಂದರವರೆಗೆ ಮೆಟ್ಟುಕತ್ತಿಯ ಮೇಲೆ ಕೂತು ಅಡಿಕೆ ಸುಲಿದು, ಬೆಳಿಗ್ಗೆ ಐದಕ್ಕೆ ಕೊಟ್ಟಿಗೆಗೆ ಹೋಗುವವಳಿಗೆ ಉದ್ಯೋಗ ಇಲ್ಲ! ಅಪ್ಪನೂ ಆ ಅರ್ಜಿಗೆ ಸಹಿ ಹಾಕಿದ್ದ. ಅಪ್ಪನ ತಪ್ಪು ಅಂತ ಹೇಳಲಾರೆ, ಎಲ್ಲರ ಮನೆಯಲ್ಲೂ ಹಾಗೇ ಇತ್ತು. ಆದರೆ ಆ ಎರಡಕ್ಷರ ಇವತ್ತಿಗೂ ನನಗೆ ಚುಚ್ಚುತ್ತದೆ.

ಈಗ ನಾನು ಕಾರವಾರದಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ಅರ್ಜಿ ತುಂಬುವಾಗ ಮಕ್ಕಳು "ಅಮ್ಮ ಏನೂ ಮಾಡಲ್ಲ ಟೀಚರ್" ಅನ್ನುತ್ತಾರೆ. ನಾನು ಪೆನ್ನು ಕೆಳಗಿಟ್ಟು, "ಬೆಳಿಗ್ಗೆಯಿಂದ ಹೇಳು" ಅನ್ನುತ್ತೇನೆ. ಒಬ್ಬಳ ತಾಯಿ ಕಾಳಿ ನದಿಯಲ್ಲಿ ಬಳಚು ಅನ್ನುವ ಚಿಪ್ಪುಮೀನು ತೆಗೆಯುತ್ತಾರೆ. ಇನ್ನೊಬ್ಬನ ತಾಯಿ ಮೀನು ಒಣಗಿಸಿ ಸಂತೆಗೆ ಒಯ್ಯುತ್ತಾರೆ. ಅದನ್ನೇ ಬರೆಸುತ್ತೇನೆ. ಸಮಯ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ.

ಅನುವಂಶೀಯತೆಯ ಪಾಠಕ್ಕೆ ಪ್ರತಿ ವರ್ಷ ಆಯಿಯ ಮೊಗೆಕಾಯಿ ತರಗತಿಗೆ ಬರುತ್ತದೆ. ಅಂಗಡಿಯ ಹೈಬ್ರಿಡ್ ಬೀಜದಿಂದ ಬಂದ ಕಾಯಿಯ ಬೀಜ ಮತ್ತೆ ಹಾಕಿದರೆ ಮೊದಲಿನ ಹಾಗೇ ಕಾಯಿ ಬರುವುದಿಲ್ಲ, ಒಂದೊಂದು ಗಿಡ ಒಂದೊಂದು ಥರ. ಮನೆಬೀಜ ಹಾಗಲ್ಲ. ಆಯಿ ಇದಕ್ಕೆ "ತಾಯಿಗುಣ ಬಿಡ್ತಿಲ್ಲೆ" ಅನ್ನುತ್ತಾಳೆ. ಒಳ್ಳೆಯ ಕಾಯಿಯನ್ನೇ ಯಾಕೆ ಬೀಜಕ್ಕೆ ಬಿಡಬೇಕು ಅನ್ನುವುದು ನನಗೆ ಬಿ.ಎಸ್ಸಿ.ಯಲ್ಲಿ ಪುಸ್ತಕ ಓದಿ ತಿಳಿಯಿತು. ಆಯಿ ಓದಿದ್ದು ನಾಲ್ಕನೇ ಕ್ಲಾಸು.

2021ರ ನವೆಂಬರಿನಲ್ಲಿ ನಮ್ಮ ಜಿಲ್ಲೆಯ ಹೊನ್ನಳ್ಳಿಯ ತುಳಸಿ ಗೌಡ ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ ನಡೆದು ಹೋಗಿ ಪದ್ಮಶ್ರೀ ಪಡೆದರಲ್ಲ, ಅದನ್ನು ಆಯಿ ಟಿವಿಯಲ್ಲಿ ನೋಡಿದಳು. ಶಾಲೆಗೇ ಹೋಗದವರು, ಕಾಡಿನಲ್ಲಿ ತಾಯಿಮರ ಗುರುತಿಸಿ ಬೀಜ ತರುತ್ತಿದ್ದವರು ಅಂತ ನಾನು ಹೇಳಿದೆ. ಆಯಿ ಟಿವಿ ಆರಿಸಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದಳು. 2024ರ ಡಿಸೆಂಬರಿನಲ್ಲಿ ತುಳಸಿ ಗೌಡ ತೀರಿಹೋದಾಗ ಮೊದಲು ಫೋನ್ ಮಾಡಿ ತಿಳಿಸಿದ್ದು ಆಯಿಯೇ. ಅಂಥವರು ಒಬ್ಬರಿಗೆ ಪ್ರಶಸ್ತಿ ಬಂತು, ತುಂಬಾ ಸಂತೋಷ. ಆದರೆ ಹಿತ್ತಲು ಹಿತ್ತಲಿನಲ್ಲಿ ಬೀಜ ಕಾಯ್ದ ಹೆಂಗಸರ ತಿಳಿವಳಿಕೆಯನ್ನು ನಾವು ವಿದ್ಯೆ ಅಂತ ಕರೆಯುವುದು ಯಾವಾಗ? ನನ್ನ ಕೇಳಿದರೆ, ನನ್ನ ಮೊದಲ ವಿಜ್ಞಾನದ ಟೀಚರ್ ಆಯಿಯೇ.

ಈ ಸಲ ಕಾರವಾರದ ನಮ್ಮ ಟೆರೇಸಿನಲ್ಲೂ ಮೊಗೆಬಳ್ಳಿ ಹಬ್ಬಿತ್ತು. ಒಂಬತ್ತು ಕಾಯಿ ಬಿಟ್ಟಿತ್ತು. ಎಲ್ಲಕ್ಕಿಂತ ದೊಡ್ಡದಕ್ಕೆ ದಾರ ಕಟ್ಟಿ ಬೀಜಕ್ಕೆ ಬಿಟ್ಟೆ. ಪಕ್ಕದ ಮನೆಯವರು ನೋಡಿ ತಮಗೂ ಬೀಜ ಬೇಕು ಅಂದರು. ಹತ್ತು ಬೀಜ ಎಣಿಸಿ ಇಟ್ಟು ಆಯಿಗೆ ಫೋನ್ ಮಾಡಿದೆ. ಅವಳು ಕೇಳಿದ್ದು ಒಂದೇ: "ಬೂದಿ ಹಚ್ಚಿದ್ಯಾ?"

ಗ್ಯಾಸ್ ಒಲೆಯ ಮನೆಯಲ್ಲಿ ಬೂದಿ ಎಲ್ಲಿಂದ ಬರಬೇಕು ಆಯಿ, ಅಂದೆ.

ಇವತ್ತು ಬೆಳಿಗ್ಗೆ ಆಯಿಯದೇ ಫೋನ್. ಜರಡಿ ಹಿಡಿದ ಬೂದಿಯನ್ನು ಡಬ್ಬಿಯಲ್ಲಿ ತುಂಬಿ, ಈ ಕಡೆ ಬರುವ ಊರಿನವರೊಬ್ಬರ ಕೈಲಿ ಕೊಟ್ಟಿದ್ದಾಳಂತೆ. ಸಂಜೆ ಬಸ್ ಸ್ಟ್ಯಾಂಡಿಗೆ ಹೋಗಿ ತರಬೇಕು.