ಅಂಪೈರ್ಸ್ ಕಾಲ್ ಬಂಗಡೆ

ನಿನ್ನೆ ರಾತ್ರಿಯ ಕ್ರಿಕೆಟ್ ಮ್ಯಾಚಿನ ಎಲ್‌ಬಿಡಬ್ಲ್ಯು, ಅಂದರೆ ಸ್ಟಂಪಿಗೆ ಹೋಗೋ ಚೆಂಡಿಗೆ ಕಾಲು ಅಡ್ಡ ಬಂದ ಕೇಸು, ನೀವೂ ನೋಡಿದ್ದೀರಿ. ರಿವ್ಯೂ ಕೇಳಿದಾಗ, ಅಂದರೆ ಅಂಪೈರ್ ತೀರ್ಪನ್ನು ಮತ್ತೆ ನೋಡಿ ಅಂದಾಗ, ಚೆಂಡು ಸ್ಟಂಪಿಗೆ ತಾಗುತ್ತಿತ್ತು ಅಂತ ಚೆಂಡಿನ ದಾರಿ ಲೆಕ್ಕ ಹಾಕೋ ಮಷೀನೇ ಹೇಳಿತು. ಆದರೂ ನಾಟೌಟ್. ತಾಗೋದು ಅರ್ಧ ಚೆಂಡಿಗಿಂತ ಕಡಿಮೆಯಂತೆ, ಅಂಪೈರ್ ಮೊದಲೇ ನಾಟೌಟ್ ಅಂದಿದ್ದರಂತೆ. ಅವರು ಬೆರಳೆತ್ತಿದ್ದರೆ ಅದೇ ಚೆಂಡಿಗೆ ಔಟ್! ಇದಕ್ಕೇ ಅಂಪೈರ್ಸ್ ಕಾಲ್ ಅನ್ನೋದು.

ಎಂಥಾ ವಿನಯ ಮಾರಾಯ್ರೆ ಆ ಮಷೀನಿಗೆ. ಸುತ್ತ ಕ್ಯಾಮೆರಾ ಇಟ್ಟುಕೊಂಡು, ಚೆಂಡು ಹೋಗದೇ ಇದ್ದ ದಾರಿಗೂ ಗೆರೆ ಎಳೆದು, ಕೊನೆಗೆ "ಯಜಮಾನರು ಹೇಳಿದ ಹಾಗೆ" ಅಂತ ಕೈಕಟ್ಟಿ ನಿಲ್ಲುತ್ತದೆ. ಮದುವೆ ಮಾತುಕತೆಗೆ ಬಂದ ಹುಡುಗಿಯ ಚಿಕ್ಕಪ್ಪನ ಹಾಗೆ.

2021ರಲ್ಲಿ ನಮ್ಮ ಅನಿಲ್ ಕುಂಬ್ಳೆಯವರು ಅಧ್ಯಕ್ಷರಾಗಿದ್ದ ಐಸಿಸಿಯ ಕ್ರಿಕೆಟ್ ಸಮಿತಿಯೇ ಈ ಅಂಪೈರ್ಸ್ ಕಾಲ್ ಇರಲಿ ಅಂದಿತು. ಪ್ಯಾಡಿಗೆ ಬಡಿದ ಮೇಲಿನದ್ದೆಲ್ಲ ಅಂದಾಜು ತಾನೇ ಅನ್ನೋದು ವಾದ. 619 ಟೆಸ್ಟ್ ವಿಕೆಟ್ ತೆಗೆದವರಿಗೆ, ಕಾರವಾರದ ಟ್ಯಾಗೋರ್ ಬೀಚಿನಲ್ಲಿ ಟೆನಿಸ್ ಬಾಲ್ ಎಸೆದ ನಾನು ಏನು ಹೇಳಲಿ? ನಮ್ಮಲ್ಲಿ ಎಲ್‌ಬಿಡಬ್ಲ್ಯುವೇ ಇರಲಿಲ್ಲ. ಅಂಪೈರ್ ಬ್ಯಾಟಿಂಗ್ ಟೀಮಿನ ಹುಡುಗ. ರನೌಟ್ ಕೊಟ್ಟರೆ ಅವನಿಗೇ ಬ್ಯಾಟಿಂಗ್ ಸಿಗ್ತಿರಲಿಲ್ಲ.

ಇವತ್ತು ಬೆಳಿಗ್ಗೆ ಮೀನು ಮಾರ್ಕೆಟ್ಟಿಗೆ ಹೋಗಿದ್ದೆ. ಬಂಗಡೆಯ ಕಿವಿರು ಎತ್ತಿ ನೋಡಿದೆ. ಒಂದು ಕಡೆ ಕೆಂಪು, ಇನ್ನೊಂದು ಕಡೆ ಸ್ವಲ್ಪ ಕಂದು. ಕಣ್ಣು ಮಂಜು ಮಂಜು. "ಎಂತಕ್ಕೆ ಅಷ್ಟೊಂದು ನೋಡ್ತ್ರಿ? ಬೆಳಗಿನ ಮೀನು" ಅಂದಳು ಅಕ್ಕ. ಅರ್ಧಕ್ಕಿಂತ ಕಡಿಮೆ ಹಾಳು, ಅಕ್ಕ ಮೊದಲೇ ತಾಜಾ ಅಂದಾಗಿದೆ. ಹಾಗಾಗಿ ತಾಜಾ. ನಿಯಮ ಅಂದ್ರೆ ನಿಯಮ, ದುಡ್ಡು ಕೊಟ್ಟೆ.

2022ರಲ್ಲಿ ಕೇಪ್‌ಟೌನಿನಲ್ಲಿ ನಮ್ಮ ಅಶ್ವಿನ್ ಎಸೆದ ಚೆಂಡು ದಕ್ಷಿಣ ಆಫ್ರಿಕಾದ ಎಲ್ಗರ್ ಅವರ ಮೊಣಕಾಲಿನ ಕೆಳಗೆ ಬಡಿಯಿತು. ಮಷೀನ್ ಅದನ್ನು ಸ್ಟಂಪಿನ ಮೇಲಿಂದ ಹಾರಿಸಿ ನಾಟೌಟ್ ಮಾಡಿತು. ಔಟ್ ಕೊಟ್ಟ ಅಂಪೈರೇ ತಲೆ ಅಲ್ಲಾಡಿಸಿದರು. ಕೊಹ್ಲಿ ಹೋಗಿ ಸ್ಟಂಪ್ ಮೈಕಿಗೆ ಬೈದರು. ಪಾಪ, ಇನ್ಯಾರಿಗೆ ಬೈಯೋದು?

ತಮಾಷೆ ಸಾಕು. ಬೋಲ್ಡ್ ಆದವನಿಗೆ "ಕಾಲುಭಾಗ ಮಾತ್ರ ತಾಗಿದೆ, ಆಡಪ್ಪ" ಅಂತ ಯಾರಾದರೂ ಹೇಳ್ತಾರಾ? ಸ್ಟಂಪಿನ ಮೇಲಿನ ಬೇಲ್ಸ್ ಬಿದ್ದರೆ ಮುಗೀತು. ಅಂದಾಜಾದರೆ ಅಂದಾಜು ಅನ್ನಿ. ಕೂದಲೆಳೆಯ ಲೆಕ್ಕದ ಚಿತ್ರ ತೋರಿಸಿ, ಮಧ್ಯೆ ಜಾಹೀರಾತೂ ತುರುಕಿ, ಆಮೇಲೆ "ನಮಗೂ ಖಾತ್ರಿ ಇಲ್ಲ" ಅಂದರೆ ಸಿಟ್ಟು ಬರ್ತದೆ. ನಾವು ನಿದ್ದೆಗೆಟ್ಟು ಕೂತಿರ್ತೇವೆ.

ಮನೆಗೆ ಬಂದು ಚೀಲ ಕೊಟ್ಟೆ. ಹೆಂಡತಿ ಒಂದು ಸಲ ಮೂಸಿದಳು. ರೀಪ್ಲೇ ಕೇಳಲಿಲ್ಲ. ಮೂರೂ ಬಂಗಡೆ ಹಿತ್ತಲಿನ ಬೆಕ್ಕಿಗೆ. ನನ್ನ ಹತ್ತಿರ ರಿವ್ಯೂ ಉಳಿದಿರಲಿಲ್ಲ.