ಪ್ಲೇಟೋ ಮನೆ ಮುಂದೆ ಕಾಗದದ ಹೂವು

ಮೊಬೈಲ್ ತೆರೆದರೆ ಸಾಕು, ಪ್ರಾಚೀನ ಗ್ರೀಸಿನ ಇನ್ನೊಂದು ಡಿಜಿಟಲ್ ಚಿತ್ರ ಹಾಜರ್. ನೀವೂ ನೋಡಿರುತ್ತೀರಿ. ಕಡಲಂಚಿನಲ್ಲಿ ಬಂಡೆ, ಬಂಡೆ ಮೇಲೆ ಅಚ್ಚ ಬಿಳಿ ದೇವಸ್ಥಾನ, ಹಿಂದೆ ಸೂರ್ಯಾಸ್ತ, ಪಕ್ಕದಲ್ಲೊಂದು ಜಲಪಾತ. ಜಲಪಾತ ಇರಲೇಬೇಕು. ಇಲ್ಲದಿದ್ದರೆ ಲೈಕ್ ಬರಲ್ಲ.

ಕಲಾವಿದರ ಕೈ ದೊಡ್ಡದು. ಅಥೆನ್ಸಿನ ಗುಡ್ಡದ ಮೇಲಿರುವ ಅಥೀನಾ ದೇವಿಯ ಗುಡಿ ಪಾರ್ಥೆನಾನ್‌ನಿಂದ ಸಮುದ್ರಕ್ಕೆ ಕೆಲವು ಕಿಲೋಮೀಟರ್ ದೂರ ಇದೆ. ಇವರು ಅದನ್ನು ಒಂದೇ ಲೇಯರಿನಲ್ಲಿ ಎಳೆದು ಮೆಟ್ಟಿಲ ಬುಡಕ್ಕೆ ತಂದು ನಿಲ್ಲಿಸುತ್ತಾರೆ. ಕೆಳಗೆ ಸ್ಯಾಂಟೊರಿನಿ ದ್ವೀಪದ ನೀಲಿ ಗುಮ್ಮಟಗಳು. ಅವು ಚರ್ಚುಗಳು ಸ್ವಾಮಿ! ಕ್ರಿಸ್ತ ಹುಟ್ಟೋಕೆ ಇನ್ನೂ ನಾಲ್ಕು ಶತಮಾನ ಬಾಕಿ ಇರುವಾಗಲೇ ಚರ್ಚು ಕಟ್ಟಿಸಿದ್ದಾರೆ. ಮುಂದಾಲೋಚನೆ ಅಂದ್ರೆ ಇದು. ಗೋಡೆ ತುಂಬ ಬೋಗನ್‌ವಿಲ್ಲಾ ಬೇರೆ, ಅದೇ ನಮ್ಮ ಕಾಗದದ ಹೂವು. ಬಳ್ಳಿ ದಕ್ಷಿಣ ಅಮೆರಿಕದ್ದು. ಪ್ಲೇಟೋ ಮಾತ್ರ ಅದರ ನೆರಳಲ್ಲಿ ಆರಾಮಾಗಿ ಪಾಠ ಹೇಳ್ತಿರುತ್ತಾನೆ.

ಪಾಪ, ಆ ಪ್ಲೇಟೋ ಬರೆದಿದ್ದೇ ಬೇರೆ. ಅಥೆನ್ಸ್ ಸುತ್ತಲಿನ ಆಟಿಕಾ ಪ್ರದೇಶದ ಮಣ್ಣೆಲ್ಲ ಕೊಚ್ಚಿಹೋಗಿ, ನಾಡು ಕಾಯಿಲೆಯವನ ಎಲುಬುಗೂಡಿನ ಹಾಗಾಗಿದೆ ಅಂತ ಗೋಳಾಡಿದ್ದ. ಹುಲ್ಲಿನ ಬ್ರಷ್ ಪುಕ್ಕಟೆ ಸಿಗುವಾಗ ಬೋಳು ಬೆಟ್ಟ ಯಾರಿಗೆ ಬೇಕು?

ಇನ್ನು ಆ ಬಿಳಿ. ಗ್ರೀಕರು ದೇವಸ್ಥಾನಗಳಿಗೆ ಕೆಂಪು, ನೀಲಿ ಬಳಿಯುತ್ತಿದ್ದರು. ಹಾಗೇ ಬರೆದರೆ ‘ಜಾತ್ರೆ ಥರ ಕಾಣುತ್ತೆ’ ಅಂತಾರೆ. ಜಾತ್ರೆಯೇ ಆಗಿತ್ತು! ಅಥೀನಾ ಹಬ್ಬಕ್ಕೆ ಬಲಿಯ ದನಗಳನ್ನು ಹೊಡೆದುಕೊಂಡು ಊರಿಗೆ ಊರೇ ಗುಡ್ಡ ಹತ್ತುತ್ತಿತ್ತು. ಸಗಣಿ, ಹೊಗೆ, ನೊಣ, ಗಲಾಟೆ. ಚಿತ್ರದಲ್ಲಿ ಇರೋದು ಬಿಳಿ ಬಟ್ಟೆಯ ಒಬ್ಬಳೇ ಹೆಂಗಸು, ಅವಳೂ ನಮಗೆ ಬೆನ್ನು ಹಾಕಿ.

ಈ ಬಿಳಿ ಹುಚ್ಚು ಕಂಪ್ಯೂಟರಿನದ್ದಲ್ಲ ಬಿಡಿ. 1937-38ರಲ್ಲಿ, ಬ್ರಿಟಿಷ್ ರಾಯಭಾರಿ ಎಲ್ಗಿನ್ ಹಿಂದೆ ಕಿತ್ತು ತಂದಿದ್ದ ಪಾರ್ಥೆನಾನ್ ಶಿಲ್ಪಗಳನ್ನು ಬ್ರಿಟಿಷ್ ಮ್ಯೂಸಿಯಂನಲ್ಲಿ ತಾಮ್ರದ ಉಳಿಯಿಂದ ಕೆರೆದರು. ಹೊಸ ಗ್ಯಾಲರಿಗೆ ದುಡ್ಡು ಕೊಟ್ಟ ಸಾಹುಕಾರ ಡುವೀನ್‌ಗೆ ಬಿಳಿ ಬೇಕಿತ್ತು. ಕಾಲ ಕಾಲದಿಂದ ಕಲ್ಲಿಗೆ ಕೂಡಿಬಂದಿದ್ದ ಜೇನುಬಣ್ಣ ಹೋಯಿತು. ಕಿತ್ತುಕೊಂಡು ಹೋಗಿದ್ದು ಸಾಲದು ಅಂತ ಕೆರೆದೂ ಹಾಕಿದರು. ಇದರಲ್ಲಿ ನಗುವಂಥದ್ದು ಏನೂ ಇಲ್ಲ.

2009ರಲ್ಲಿ ಅದೇ ಮ್ಯೂಸಿಯಂನಲ್ಲಿ ಇನ್‌ಫ್ರಾರೆಡ್ ಕ್ಯಾಮೆರಾ ಹಿಡಿದಾಗ, ಆ ಶಿಲ್ಪಗಳಲ್ಲೊಂದಾದ ಐರಿಸ್ ದೇವತೆಯ ಸೊಂಟಪಟ್ಟಿಯಲ್ಲಿ ‘ಈಜಿಪ್ಟಿನ ನೀಲಿ’ ಅನ್ನೋ ಹಳೇ ಬಣ್ಣ ಇನ್ನೂ ಉಳಿದಿದ್ದು ಕಂಡಿತು. ಅಂದ್ರೆ ಬಣ್ಣ ಹುಡುಕಿಕೊಟ್ಟಿದ್ದೂ ಡಿಜಿಟಲ್ ತಂತ್ರಜ್ಞಾನವೇ. ಆ ನೀಲಿಯನ್ನಾದರೂ ದೇವಸ್ಥಾನಕ್ಕೆ ಒಂಚೂರು ಹಚ್ಚಬಹುದಿತ್ತು, ಅಲ್ವಾ? ಊಹೂಂ. ಅದೆಲ್ಲ ಚರ್ಚಿನ ಗುಮ್ಮಟಕ್ಕೆ ಮೀಸಲು.